ಮರಿಯ ಉಚ್ಚೆ, ಮನೆಯ ಗಡಿಯಾರ

ಹೊಸದಾಗಿ ನಾಯಿಮರಿ ತಂದ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹುಡುಕುವುದು ಸುರುಳಿ ಸುತ್ತಿಟ್ಟ ಪೇಪರನ್ನು. ಬಾಗಿಲ ಸಂದಿಯಲ್ಲೋ ಟೀವಿಯ ಪಕ್ಕದಲ್ಲೋ ಅದು ಇದ್ದೇ ಇರುತ್ತದೆ. ಬೆಂಗಳೂರಿನಲ್ಲಿ ಗೆಳೆಯರೊಬ್ಬರ ಮೂರನೇ ಮಹಡಿಯ ಮನೆಯಲ್ಲೂ ಇತ್ತು. ಲ್ಯಾಬ್ರಡಾರ್ ಮರಿ, ತಂದು ಒಂಬತ್ತು ದಿನವಾಗಿತ್ತು. ನಾವು ಕಾಫಿ ಕುಡಿಯುತ್ತ ಕೂತಿದ್ದಾಗ ಮರಿ ನಿದ್ದೆಯಿಂದ ಎದ್ದಿತು, ಮೈಮುರಿಯಿತು, ನೆಲ ಮೂಸುತ್ತ ಒಂದು ಸುತ್ತು ಹಾಕಿತು, ಸೋಫಾದ ಕಾಲಿನ ಹತ್ತಿರ ಕುಕ್ಕರಿಸಿತು. ಗೆಳೆಯರು ಎದ್ದು ಪೇಪರ್ ಹುಡುಕಿ ತರುವಷ್ಟರಲ್ಲಿ ಅದು ಟೇಬಲ್ಲಿನ ಕೆಳಗೆ ಹೋಗಿ ಚಪ್ಪಲಿ ಕಚ್ಚುತ್ತಿತ್ತು. ಕತ್ತಿನ ಚರ್ಮ ಹಿಡಿದು ಎಳೆತಂದು, ಮೂತಿಯನ್ನು ಒದ್ದೆ ನೆಲಕ್ಕೆ ಒತ್ತಿ, ಎರಡು ಬಿಟ್ಟರು. “ಈಗಲೇ ಬುದ್ಧಿ ಕಲಿಸದಿದ್ರೆ ಇವು ಜನ್ಮದಲ್ಲಿ ಕಲಿಯಲ್ಲ” ಅಂದರು. ಮರಿ ಅಂಗಾತ ಬಿದ್ದು ಹೊಟ್ಟೆ ತೋರಿಸುತ್ತ ಇನ್ನೊಂದಿಷ್ಟು ಉಚ್ಚೆ ಹೊಯ್ಯಿತು. ಅದಕ್ಕೂ ಒಂದು ಏಟು ಬಿತ್ತು.

ನನ್ನ ಗೆಳೆಯರು ಕ್ರೂರಿಯಲ್ಲ. ಆ ಮರಿಗೆ ಜ್ವರ ಬಂದರೆ ರಾತ್ರಿಯಿಡೀ ಎದ್ದು ಕೂರುವ ಮನುಷ್ಯ. ಅವರು ಮಾಡಿದ್ದು ಅವರ ತಂದೆ ಮಾಡಿದ್ದನ್ನು, ಮರಿ ಮಾರಿದವನು ಹೇಳಿದ್ದನ್ನು, ಎದುರುಮನೆಯ ಆಂಟಿ ಲಿಫ್ಟಿನಲ್ಲಿ ಹೇಳಿದ್ದನ್ನು. ಇಷ್ಟೊಂದು ಜನ ಒಂದೇ ಮಾತು ಹೇಳಿದಾಗ ಅದು ಅನುಭವದ ಮಾತು ಎಂದೇ ತೋರುತ್ತದೆ. ಆದರೆ ಆ ಮಾತು ಮೊದಲಿನಿಂದ ಕೊನೆಯವರೆಗೂ ತಪ್ಪು. ಮೂತಿ ಉಜ್ಜುವುದು ತಪ್ಪು, ಹೊಡೆಯುವುದು ತಪ್ಪು, ಮರಿಗೆ ಗೊತ್ತಿದ್ದೂ ಹಠಕ್ಕೆ ಮಾಡುತ್ತದೆ ಎನ್ನುವ ನಂಬಿಕೆ ಎಲ್ಲಕ್ಕಿಂತ ದೊಡ್ಡ ತಪ್ಪು. ಮನೆಯೊಳಗೆ ಉಚ್ಚೆ ಬಿದ್ದರೆ ಅದು ಮನೆಯವರ ತಪ್ಪು. ಈ ಮಾತನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಹಿಡಿದು ಹೇಳುತ್ತಿದ್ದೇನೆ.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ಕನ್ನಡದಲ್ಲಿ ‘ಪಾಠ ಕಲಿಸು’ ಅಂದರೂ ‘ಬುದ್ಧಿ ಕಲಿಸು’ ಅಂದರೂ ಕಲಿಸುವುದು ಎನ್ನುವ ಅರ್ಥಕ್ಕಿಂತ ಮೊದಲು ಶಿಕ್ಷೆ ಎನ್ನುವ ಅರ್ಥ ಬರುತ್ತದೆ. ‘ನಿನಗೆ ಸರಿಯಾಗಿ ಬುದ್ಧಿ ಕಲಿಸ್ತೀನಿ ಇರು’ ಎಂದು ಯಾರಾದರೂ ಹೇಳಿದರೆ ನಾವು ಪುಸ್ತಕ ತೆರೆಯುವುದಿಲ್ಲ, ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ. ಶಾಲೆಯಲ್ಲಿ ಬೆರಳ ಗಂಟಿನ ಮೇಲೆ ಸ್ಕೇಲಿನ ಏಟು ತಿಂದು ಮಗ್ಗಿ ಕಲಿತವರು ನಾವು. ಏಟು ಬಿದ್ದ ಕಡೆ ಕಲಿಕೆ ನಡೆದಿದೆ ಎಂದು ನಂಬಲು ನಮಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಆ ದಿನ ಆ ಮರಿ ಕಲಿತದ್ದೇನು? ಅದು ಉಚ್ಚೆ ಹೊಯ್ದದ್ದಕ್ಕೂ ಏಟು ಬಿದ್ದದ್ದಕ್ಕೂ ನಡುವೆ ಒಂದು ನಿಮಿಷವಾದರೂ ಆಗಿತ್ತು. ನಾಯಿ ಒಂದು ಕೆಲಸವನ್ನೂ ಅದರ ಫಲವನ್ನೂ ಜೋಡಿಸಿಕೊಳ್ಳಬೇಕಾದರೆ ಎರಡೂ ಬೆನ್ನುಬೆನ್ನಿಗೆ, ಒಂದೆರಡು ಸೆಕೆಂಡಿನೊಳಗೆ ನಡೆಯಬೇಕು. ಆ ಹೊತ್ತಿಗೆ ಮರಿಯ ಲೋಕದಲ್ಲಿದ್ದದ್ದು ಚಪ್ಪಲಿ. ಹೋಗಲಿ, ಉಚ್ಚೆ ಹೊಯ್ಯುತ್ತಿರುವಾಗಲೇ ಸಿಕ್ಕಿಬಿದ್ದು ಏಟು ತಿಂದರೆ? ಆಗ ಅದು ಕಲಿಯುವುದು ‘ಇಲ್ಲಿ ಹೊಯ್ಯಬಾರದು’ ಎಂದಲ್ಲ, ‘ಈ ಮನುಷ್ಯನ ಎದುರಿಗೆ ಹೊಯ್ಯಬಾರದು’ ಎಂದು. ಅಲ್ಲಿಂದ ಮುಂದೆ ಅದು ಸೋಫಾದ ಹಿಂದಕ್ಕೆ ಹೋಗುತ್ತದೆ, ಮಂಚದಡಿಗೆ ಹೋಗುತ್ತದೆ. ಬೆಳಗ್ಗೆ ಬೆಲ್ಟ್ ಹಾಕಿ ಕೆಳಗೆ ಕರೆದೊಯ್ದರೆ ಅರ್ಧ ಗಂಟೆ ಬರೀ ಮೂಸುತ್ತ ತಿರುಗಿ, ಮನೆಗೆ ಬಂದು ಯಜಮಾನರು ಸ್ನಾನಕ್ಕೆ ಹೋದ ತಕ್ಷಣ ರೂಮಿನ ಮೂಲೆಯಲ್ಲಿ ಮುಗಿಸುತ್ತದೆ. “ನೋಡಿ ಇದರ ಕಳ್ಳಬುದ್ಧಿ” ಅನ್ನುತ್ತಾರೆ. ಪಾಪ, ಅದಕ್ಕೆ ಕಲಿಸಿದ್ದನ್ನೇ ಅದು ಶ್ರದ್ಧೆಯಿಂದ ಪಾಲಿಸುತ್ತಿದೆ.

ಅಂಗಾತ ಬಿದ್ದು ಹೊಯ್ದ ಆ ಎರಡನೆಯ ಉಚ್ಚೆಯ ಕಥೆ ಬೇರೆ. ಮರಿಗಳು ದೊಡ್ಡ ನಾಯಿಯ ಮುಂದೆ ಶರಣಾಗುವಾಗ ಹಾಗೆ ಮಾಡುತ್ತವೆ. ‘ನಾನು ಚಿಕ್ಕವನು, ಏನೂ ಮಾಡಬೇಡ’ ಎಂದು ಅವು ಹೇಳುವ ರೀತಿ ಅದು. ಆ ಭಾಷೆಗೆ ದೊಡ್ಡ ನಾಯಿ ಮೂಸಿ ಸುಮ್ಮನಾಗುತ್ತದೆ, ನಾವು ಹೊಡೆಯುತ್ತೇವೆ. ಹೊಡೆದಷ್ಟೂ ಅದು ಹೆಚ್ಚಾಗುತ್ತದೆ, ಯಾಕೆಂದರೆ ಹೆದರಿದಷ್ಟೂ ಅದು ಹೆಚ್ಚು ಶರಣಾಗಬೇಕು. ಯಜಮಾನರು ಆಫೀಸಿನಿಂದ ಬಂದು ಬಾಗಿಲು ತೆರೆದ ಕೂಡಲೇ ಉಚ್ಚೆ ಹೊಯ್ದುಬಿಡುವ ಎಷ್ಟೋ ನಾಯಿಗಳ ಹಿಂದೆ ಇಂಥ ಒಂದು ಬಾಲ್ಯವಿರುತ್ತದೆ.

ಇದಕ್ಕೆ ಉತ್ತರವಾಗಿ ಎಲ್ಲರೂ ಹೇಳುವುದು ಒಂದೇ: “ಅದಕ್ಕೆ ತಪ್ಪು ಮಾಡಿದ್ದು ಗೊತ್ತು ಕಣ್ರೀ, ಮುಖ ನೋಡಿ.” ಕಿವಿ ಹಿಂದಕ್ಕೆ ಮಡಚಿ, ಕಣ್ಣು ಓರೆ ಮಾಡಿ, ಬಾಲ ಒಳಗೆಳೆದು ಕೂತ ಆ ಮುಖವನ್ನು ನಾನೂ ಬಹಳ ವರ್ಷ ಪಶ್ಚಾತ್ತಾಪವೆಂದೇ ನಂಬಿದ್ದೆ. ಅಮೆರಿಕದಲ್ಲಿ ನಾಯಿಗಳ ನಡವಳಿಕೆಯ ಬಗ್ಗೆ ಕೆಲಸ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಸರಳವಾದ ಒಂದು ಪ್ರಯೋಗದಿಂದ ಪರೀಕ್ಷಿಸಿದರು. ಹದಿನಾಲ್ಕು ನಾಯಿಗಳು. ತಿಂಡಿ ಮುಟ್ಟಬೇಡ ಎಂದು ಹೇಳಿ ಯಜಮಾನರು ಹೊರಗೆ ಹೋಗಬೇಕು. ಒಳಗೆ ನಾಯಿ ತಿಂಡಿ ತಿಂದಿತೋ ಇಲ್ಲವೋ ಎಂದು ಯಜಮಾನರಿಗೆ ಕೆಲವು ಸಲ ನಿಜ ಹೇಳಲಾಯಿತು, ಕೆಲವು ಸಲ ಸುಳ್ಳು. ತಿಂದ ನಾಯಿಗೂ ತಿನ್ನದ ನಾಯಿಗೂ ಆ ‘ತಪ್ಪಿತಸ್ಥ ಮುಖ’ದಲ್ಲಿ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಯಜಮಾನರು ಗದರಿದಾಗ. ಏನೂ ಮಾಡದೆ ಗದರಿಸಿಕೊಂಡ ನಾಯಿಗಳಲ್ಲಿ ಆ ಮುಖ ಇನ್ನೂ ಎದ್ದು ಕಾಣುತ್ತಿತ್ತು. ನಾವು ಪಶ್ಚಾತ್ತಾಪ ಎಂದು ಓದುತ್ತಿರುವುದು ನಮ್ಮದೇ ಸಿಟ್ಟಿನ ನೆರಳನ್ನು.

ಇನ್ನೊಂದು ನಂಬಿಕೆ ಇದೆ. ನಾಯಿ ಹುಟ್ಟಾ ಕೊಳಕು ಪ್ರಾಣಿ, ಶುಚಿತ್ವವನ್ನು ನಾವು ಅದರೊಳಗೆ ತುರುಕಬೇಕು ಎನ್ನುವುದು. ವಸ್ತುಸ್ಥಿತಿ ಇದಕ್ಕೆ ತೀರ ಉಲ್ಟಾ. ಹುಟ್ಟಿದ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಬರುತ್ತದೆ, ತಾಯಿಯೇ ಅದನ್ನು ನೆಕ್ಕಿ ಮಲಗುವ ಜಾಗವನ್ನು ಶುಚಿಯಾಗಿಡುತ್ತದೆ. ಮೂರು ವಾರದ ಹೊತ್ತಿಗೆ ಮರಿ ತಡವರಿಸಿಕೊಂಡು ಕಾಲಿನ ಮೇಲೆ ನಿಲ್ಲುತ್ತದೆ. ಆಗ ಅದು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರ ಹೋಗಿ ಉಚ್ಚೆ ಹೊಯ್ಯುವುದು. ಯಾರೂ ಹೇಳಿಕೊಟ್ಟದ್ದಲ್ಲ. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಾಲಯದಲ್ಲಿ ಐದು ತಳಿಗಳ ಮರಿಗಳನ್ನು ವರ್ಷಾನುಗಟ್ಟಲೆ ಗಮನಿಸಿದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲಿ ತಮ್ಮ ದೊಡ್ಡ ಗ್ರಂಥ ಪ್ರಕಟಿಸಿದರು. ಎಂಟು ವಾರದ ಸುಮಾರಿಗೆ ಮರಿಗಳು ಇಂಥದ್ದೇ ಜಾಗ ಎಂದು ಆರಿಸಿಕೊಳ್ಳಲು ಶುರುಮಾಡುತ್ತವೆ ಎಂದು ಅವರು ದಾಖಲಿಸಿದ್ದಾರೆ. ಅಂದರೆ ಮರಿ ನಮ್ಮ ಮನೆಗೆ ಬರುವಾಗಲೇ ಅರ್ಧ ಪಾಠ ಮುಗಿದಿರುತ್ತದೆ. ‘ಮಲಗುವ ಜಾಗ ಕೆಡಿಸಬಾರದು’ ಎಂದು ಅದಕ್ಕೆ ಗೊತ್ತು. ಗೊತ್ತಿಲ್ಲದಿರುವುದು ಒಂದೇ, ನಮ್ಮ ಮೂರು ಬೆಡ್‌ರೂಮಿನ ಮನೆಯಿಡೀ ‘ಮಲಗುವ ಜಾಗ’ ಎನ್ನುವುದು.

ಆ ಅರ್ಧ ಪಾಠವನ್ನು ಅಳಿಸಿ ಹಾಕುವ ವ್ಯವಸ್ಥೆಯೊಂದು ನಮ್ಮಲ್ಲಿದೆ, ಅದರ ಬಗ್ಗೆ ನನಗೆ ನಿಜವಾದ ಸಿಟ್ಟಿದೆ. ‘ಮೂವತ್ತೈದು ದಿನದ ಮರಿ’, ‘ನಲವತ್ತು ದಿನದ ಮರಿ’ ಎಂದು ಮಾರುವವರು ಊರೂರಲ್ಲಿ ಇದ್ದಾರೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರ ಅಂದರೆ ಐವತ್ತಾರು ದಿನ. ಅದಕ್ಕೂ ಮೊದಲೇ ತಾಯಿಯಿಂದ ಕಿತ್ತು ತಂತಿ ಬೋನಿನಲ್ಲಿ ಹಾಕಿದ ಮರಿ ಉಂಡಲ್ಲೇ ಮಲಗಬೇಕು, ಮಲಗಿದಲ್ಲೇ ಹೊಯ್ಯಬೇಕು. ದೂರ ಹೋಗಲು ಜಾಗವೇ ಇಲ್ಲ. ಎರಡು ವಾರ ಹಾಗೆ ಬದುಕಿದರೆ ಹುಟ್ಟಿನಿಂದ ಬಂದ ಹೇಸಿಗೆಯೇ ಸತ್ತುಹೋಗುತ್ತದೆ. ಅಂಥ ಮರಿಯನ್ನು ಮನೆಗೆ ತಂದು ‘ಇದು ದಡ್ಡ’ ಎನ್ನುವವರು ಯಾರನ್ನು ದೂರಬೇಕೆಂದು ಒಮ್ಮೆ ಯೋಚಿಸಲಿ.

“ನಮ್ಮ ಕಾಲದಲ್ಲಿ ನಾಯಿಗಳಿಗೆ ಯಾರು ಟ್ರೈನಿಂಗ್ ಕೊಟ್ಟಿದ್ರು? ಅವೆಲ್ಲ ಸರಿಯಾಗಿರಲಿಲ್ವಾ?” ಎಂದು ಹಿರಿಯರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ, ಅದರೊಳಗೇ ಉತ್ತರವಿದೆ. ಮಲೆನಾಡಿನ ನಮ್ಮ ಮನೆಯಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಬಚ್ಚಲೊಲೆಯ ಬೂದಿಯಲ್ಲಿ ಮಲಗುತ್ತಿತ್ತು. ಬೆಳಗಿನ ಜಾವ ಎದ್ದು ಅಂಗಳ ದಾಟಿ, ದಣಪೆ ನುಸುಳಿ, ತೋಟದ ದರಗಿನ ಮೇಲೆ ತನ್ನ ಕೆಲಸ ಮುಗಿಸಿ ಬರುತ್ತಿತ್ತು. ಮರಿಯಾಗಿದ್ದಾಗಲೂ ಜಗುಲಿ ಕೆಡಿಸಿದ್ದು ನನಗೆ ನೆನಪಿಲ್ಲ. ಅಜ್ಜ ಅದನ್ನು ಹೊಡೆದು ತಿದ್ದಿದರು ಎಂದು ಮನೆಯಲ್ಲಿ ಹೇಳುತ್ತಿದ್ದರು. ಇವತ್ತು ಯೋಚಿಸಿದರೆ ಹಾಗನ್ನಿಸುವುದಿಲ್ಲ. ಕರಿಯನಿಗೆ ಇದ್ದದ್ದು ತೆರೆದ ಬಾಗಿಲು. ಅವಸರವಾದಾಗ ಹೊರಗೆ ಹೋಗಲು ಅದು ಯಾರನ್ನೂ ಕೇಳಬೇಕಾಗಿರಲಿಲ್ಲ, ಯಾರ ಆಫೀಸ್ ಮುಗಿಯುವುದನ್ನೂ ಕಾಯಬೇಕಾಗಿರಲಿಲ್ಲ. ಮೂರನೇ ಮಹಡಿಯ ಮರಿಗೆ ಬಾಗಿಲು ತೆಗೆಯಲು ಬರುವುದಿಲ್ಲ, ಲಿಫ್ಟಿನ ಬಟನ್ ಒತ್ತಲು ಬರುವುದಿಲ್ಲ. ನಾಯಿ ಬದಲಾಗಿಲ್ಲ, ಬಾಗಿಲು ಮುಚ್ಚಿದೆ. ಮುಚ್ಚಿದ ಬಾಗಿಲನ್ನು ಹೊತ್ತುಹೊತ್ತಿಗೆ ತೆರೆಯುವುದಷ್ಟೇ ಈ ‘ಟ್ರೈನಿಂಗ್’ ಎನ್ನುವುದರ ತಿರುಳು.

ಆ ಹೊತ್ತು ಯಾವುದು ಎನ್ನುವುದಕ್ಕೆ ಗುಟ್ಟೇನಿಲ್ಲ. ನಿದ್ದೆಯಿಂದ ಎದ್ದ ಕೂಡಲೇ. ಉಂಡು ಐದರಿಂದ ಮೂವತ್ತು ನಿಮಿಷದೊಳಗೆ, ಯಾಕೆಂದರೆ ಹೊಟ್ಟೆ ತುಂಬಿದರೆ ಕರುಳು ತಾನಾಗಿ ಚಲಿಸುತ್ತದೆ. ಆಟದ ನಡುವೆ, ಆಟ ಮುಗಿದ ಮೇಲೆ. ಮಲಗುವ ಮುಂಚೆ. ಎಚ್ಚರವಿದ್ದು ಓಡಾಡುವ ಎರಡು ತಿಂಗಳ ಮರಿಗೆ ಮುಕ್ಕಾಲು ಗಂಟೆಗೊಮ್ಮೆಯಾದರೂ. ಇದನ್ನೆಲ್ಲ ಕೂಡಿದರೆ ದಿನಕ್ಕೆ ಹನ್ನೆರಡು ಸಲ ಮೀರುತ್ತದೆ. ತಿಂಗಳಿಗೆ ಒಂದು ಕೂಡಿಸಿದಷ್ಟು ಗಂಟೆ ಮರಿ ತಡೆಯಬಲ್ಲದು, ಎರಡು ತಿಂಗಳಿಗೆ ಮೂರು ಗಂಟೆ ಎಂದು ಒಂದು ಬಾಯಿಲೆಕ್ಕವಿದೆ. ಅದು ಮಲಗಿರುವಾಗಿನ ಮಾತು, ಅದೂ ಹೆಚ್ಚೆಂದರೆ. ನನ್ನ ಗೆಳೆಯರ ಮರಿ ಎದ್ದು, ಮೂಸಿ, ಸುತ್ತು ಹಾಕಿದ್ದನ್ನು ನಾವಿಬ್ಬರೂ ನೋಡಿದೆವು. ಮರಿ ಬಾಯಿಬಿಟ್ಟು ಹೇಳಿದಷ್ಟೇ ಸ್ಪಷ್ಟವಾಗಿ ಹೇಳಿತ್ತು. ಆ ಅರ್ಧ ನಿಮಿಷದಲ್ಲಿ ಎತ್ತಿಕೊಂಡು ಬಾಲ್ಕನಿಗೆ ಹೋಗಿದ್ದರೆ, ಅಲ್ಲಿ ಅದು ಮುಗಿಸಿದ ಮರುಕ್ಷಣ, ಆ ಜಾಗದಲ್ಲೇ, ಒಂದು ಚೂರು ತಿಂಡಿ ಕೊಟ್ಟು ಮೈದಡವಿದ್ದರೆ ಪಾಠ ನಡೆದುಹೋಗುತ್ತಿತ್ತು. ಒಳಗೆ ಬಂದಮೇಲೆ ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ.

ಎಲ್ಲಿ ಎನ್ನುವುದೂ ಮುಖ್ಯ. ಮರಿ ಜಾಗವನ್ನು ಕಾಲಿನಿಂದ ಗುರುತಿಟ್ಟುಕೊಳ್ಳುತ್ತದೆ. ಪಾದಕ್ಕೆ ಮಣ್ಣು ತಾಗಿದಾಗ ಹೊಯ್ದು ರೂಢಿಯಾದದ್ದು ಮಣ್ಣು ಹುಡುಕುತ್ತದೆ, ಪೇಪರಿನ ಮೇಲೆ ರೂಢಿಯಾದದ್ದು ಪೇಪರ್ ಹುಡುಕುತ್ತದೆ. ಮನೆಯಿಡೀ ಹಳೇ ಪೇಪರ್ ಹಾಸಿ ಎರಡು ತಿಂಗಳು ಕಲಿಸಿ, ಆಮೇಲೆ ನೆಲದ ಮೇಲೆ ಬಿದ್ದ ಇವತ್ತಿನ ಪೇಪರನ್ನು ಒದ್ದೆ ಮಾಡಿತೆಂದು ಅದೇ ಪೇಪರ್ ಸುತ್ತಿ ಹೊಡೆಯುವವರನ್ನು ಕಂಡಿದ್ದೇನೆ. ಬಚ್ಚಲ ಬಾಗಿಲಿನ ಮೆತ್ತನೆಯ ಕಾಲೊರಸು ಮರಿಯ ಪಾದಕ್ಕೆ ಹುಲ್ಲಿನ ಹಾಗೇ ಇರುತ್ತದೆ ಎನ್ನುವುದನ್ನೂ ಮರೆಯಬಾರದು. ಮೊದಲ ತಿಂಗಳುಗಳಲ್ಲಿ ಅದನ್ನು ಎತ್ತಿಡುವುದು ಸುಲಭ.

“ಲಸಿಕೆ ಮುಗಿಯೋವರೆಗೂ ಹೊರಗೆ ಬಿಡಬೇಡಿ ಅಂದಿದ್ದಾರಲ್ಲ ಡಾಕ್ಟ್ರು” ಎನ್ನುವ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. 1978ರ ಸುಮಾರಿಗೆ ಜಗತ್ತಿಗೆ ತಿಳಿದುಬಂದ ಪಾರ್ವೊ ವೈರಸ್ ಮರಿಗಳನ್ನು ಎರಡು ಮೂರು ದಿನದಲ್ಲಿ ಕೊಲ್ಲಬಲ್ಲದು, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಆರು ವಾರದಿಂದ ಹದಿನಾರು ವಾರದವರೆಗೆ ಹಂತಹಂತವಾಗಿ ಲಸಿಕೆ ಕೊಡುವುದು ಅದಕ್ಕೇ. ಬೀದಿ ಬದಿಯಲ್ಲಿ, ಪಾರ್ಕಿನಲ್ಲಿ ಆ ವಯಸ್ಸಿನ ಮರಿಯನ್ನು ಇಳಿಸಬಾರದು. ಆದರೆ ‘ಹೊರಗೆ ಬೇಡ’ ಅಂದರೆ ‘ಟೈಲ್ಸ್ ಮೇಲೇ ಇರಲಿ’ ಎಂದು ಅರ್ಥ ಮಾಡಿಕೊಂಡರೆ, ರೂಢಿ ಬಲಿಯುವ ಎಂಟು ವಾರಗಳನ್ನು ಟೈಲ್ಸ್ ಮೇಲೆ ಕಳೆದು, ನಾಲ್ಕನೇ ತಿಂಗಳಲ್ಲಿ ಏಕಾಏಕಿ ಮಣ್ಣು ತೋರಿಸಿದಂತಾಗುತ್ತದೆ. ನಡುವಿನ ದಾರಿ ಇದೆ. ನರ್ಸರಿಗಳಲ್ಲಿ ಲಾನ್ ಹಾಕಲು ಹುಲ್ಲಿನ ಚಪ್ಪಡಿ ಮಾರುತ್ತಾರೆ. ಅಗಲವಾದ ಪ್ಲಾಸ್ಟಿಕ್ ಟ್ರೇಯಲ್ಲಿ ಅದನ್ನಿಟ್ಟು ಬಾಲ್ಕನಿಯಲ್ಲೋ ಟೆರೇಸಿನಲ್ಲೋ ಇಟ್ಟರೆ, ಬೀದಿನಾಯಿ ಮುಟ್ಟದ ಒಂದು ತುಂಡು ಭೂಮಿ ಮರಿಗೆ ಸಿಕ್ಕಿತು. ಲಸಿಕೆ ಮುಗಿದ ಮೇಲೆ ಕೆಳಗಿನ ಹುಲ್ಲು ಅದಕ್ಕೆ ಹೊಸದೆನಿಸುವುದಿಲ್ಲ.

ನೆಲ ಒರೆಸುವ ವಿಷಯದಲ್ಲೂ ಒಂದು ತಪ್ಪು ನಡೆಯುತ್ತಿದೆ. ಫಿನಾಯಿಲ್ ಹಾಕಿದರೆ ನಮ್ಮ ಮೂಗಿಗೆ ವಾಸನೆ ಹೋಯಿತು ಅನ್ನಿಸುತ್ತದೆ, ನಾಯಿಯ ಮೂಗಿಗೆ ಅಡಿಯ ವಾಸನೆ ಹಾಗೇ ಇರುತ್ತದೆ, ‘ಇದೇ ಆ ಜಾಗ’ ಎಂದು ಅದು ಮತ್ತೆ ಅಲ್ಲಿಗೇ ಬರುತ್ತದೆ. ಫೀನಾಲ್ ಇರುವ ದ್ರಾವಣಗಳು ಪಾದಕ್ಕೆ ಅಂಟಿ, ನೆಕ್ಕಿದಾಗ ಹೊಟ್ಟೆ ಸೇರಿ ವಿಷವೂ ಆಗುತ್ತವೆ. ಉಚ್ಚೆಯ ವಾಸನೆಯ ಮೂಲವನ್ನೇ ಒಡೆಯುವ ಎನ್‌ಜೈಮ್ ದ್ರಾವಣಗಳು ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತವೆ.

ಇನ್ನು ಹಾಲು ಅನ್ನ. ನಮ್ಮ ಮನೆಗಳಲ್ಲಿ ಮರಿ ಅಂದರೆ ಹಾಲು ಅನ್ನ ಎಂದೇ ಲೆಕ್ಕ. ತಾಯಿಹಾಲು ಬಿಟ್ಟ ಮರಿಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಭೇದಿಯಾದ ಮರಿ ಬಾಗಿಲವರೆಗೆ ಹೋಗುವುದು ಹೇಗೆ? ಅದಕ್ಕೆ ಬೇಕಾದ್ದು ಊಟದ ಬದಲಾವಣೆ, ಜಂತುಹುಳದ ಔಷಧ, ಏಟಲ್ಲ. ಹಾಗೆಯೇ ನೀರು. ಸಂಜೆ ಐದರ ನಂತರ ಬಟ್ಟಲು ಎತ್ತಿಟ್ಟುಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಕಲಬುರಗಿಯ, ರಾಯಚೂರಿನ ಬೇಸಿಗೆಯಲ್ಲಿ ಇದನ್ನು ಪಾಲಿಸಿದರೆ ಮರಿ ಆಸ್ಪತ್ರೆ ಸೇರುತ್ತದೆ. ರೂಢಿಯಾದ ಮೇಲೂ ಹನಿಹನಿಯಾಗಿ ಸೋರುತ್ತಿದ್ದರೆ ಮೂತ್ರದ ಸೋಂಕು ಇರಬಹುದು. ಹೆಣ್ಣು ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್, ಹಸ್ಕಿ ಮರಿಗಳಲ್ಲಿ ಕಿಡ್ನಿಯ ನಾಳ ಮೂತ್ರಕೋಶಕ್ಕೆ ಸೇರದೆ ಅದರಾಚೆ ತೆರೆದುಕೊಳ್ಳುವ ಹುಟ್ಟುದೋಷವೂ ಇರುತ್ತದೆ. ಮಲಗಿದಲ್ಲೇ ಒದ್ದೆಯಾಗುವ ಅಂಥ ಮರಿ ಏಟು ತಿಂದು ತಿಂದು ಕೊನೆಗೆ ರಸ್ತೆಗೆ ಬೀಳುವುದನ್ನು ನೆನೆದರೆ ಹೊಟ್ಟೆ ಸಂಕಟವಾಗುತ್ತದೆ.

ಹೊಡೆಯುವುದನ್ನು ಬಿಟ್ಟವರು ಈಚೆಗೆ ಹಿಡಿದಿರುವುದು ಬೋನಿನ ದಾರಿ. ಮಲಗುವ ಜಾಗ ಕೆಡಿಸಬಾರದೆನ್ನುವ ಮರಿಯ ಸ್ವಭಾವವನ್ನೇ ಇದು ಬಳಸಿಕೊಳ್ಳುತ್ತದೆ. ರಾತ್ರಿ ನಮ್ಮ ಮಂಚದ ಪಕ್ಕ, ಮರಿ ಕುಂಯ್ ಅಂದ ಕೂಡಲೇ ಎದ್ದು ಕರೆದೊಯ್ಯುವವರಿಗೆ ಇದರಿಂದ ಸಹಾಯವಾಗುತ್ತದೆ. ಆದರೆ ಬೆಳಗ್ಗೆ ಒಂಬತ್ತಕ್ಕೆ ಕೂಡಿ ಸಂಜೆ ಆರಕ್ಕೆ ತೆಗೆಯುವವರಿಗೆ ಅದು ಮರಿ ಮಾರುವವನ ತಂತಿ ಬೋನೇ. ಸ್ವೀಡನ್ನಿನಲ್ಲಿ ಸಾಗಣೆಯಂಥ ಸಂದರ್ಭ ಬಿಟ್ಟು ನಾಯಿಯನ್ನು ಇಕ್ಕಟ್ಟಾದ ಬೋನಿನಲ್ಲಿ ಕೂಡಿಹಾಕುವುದಕ್ಕೆ ಕಾನೂನಿನ ತಡೆ ಇದೆ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಕೂಡ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಓಡಾಟ ಕೊಡದಿರುವುದನ್ನು ಹಿಂಸೆ ಎಂದೇ ಎಣಿಸುತ್ತದೆ.

ಇಷ್ಟೆಲ್ಲ ಹೇಳಿದರೂ ಕೊನೆಗೆ ಒಂದು ವಾದ ಉಳಿಯುತ್ತದೆ, ಅದೇ ಎಲ್ಲಕ್ಕಿಂತ ಗಟ್ಟಿ: “ನಾವು ಹೊಡೆದೇ ಕಲಿಸಿದ್ದು, ಕಲಿತಿದೆ.” ಹೌದು, ಕಲಿತಿದೆ. ಮರಿಗೆ ನಾಲ್ಕರಿಂದ ಆರು ತಿಂಗಳಾಗುವ ಹೊತ್ತಿಗೆ ಮೂತ್ರಕೋಶ ಬಲಿಯುತ್ತದೆ, ತಡೆಯುವ ಶಕ್ತಿ ಬರುತ್ತದೆ. ಅಷ್ಟರೊಳಗೆ ಮನೆಯವರಿಗೂ ದಿನಕ್ಕೆ ಮೂರು ಸಲ ಹೊರಗೆ ಕರೆದೊಯ್ಯುವ ಅಭ್ಯಾಸವಾಗಿರುತ್ತದೆ. ಹೊಡೆದ ಮನೆಯಲ್ಲೂ ಹೊಡೆಯದ ಮನೆಯಲ್ಲೂ ಇದು ನಡೆಯುತ್ತದೆ. ಹೊಡೆದ ಮನೆಯಲ್ಲಿ ಅದರ ಕೀರ್ತಿ ಪೇಪರಿಗೆ ಹೋಗುತ್ತದೆ. 2004ರಲ್ಲಿ ಬ್ರಿಟನ್ನಿನ ಸಂಶೋಧಕರು 364 ನಾಯಿ ಸಾಕಿದವರನ್ನು ಉಚ್ಚೆಯ ರೂಢಿಯೂ ಸೇರಿದಂತೆ ಯಾವುದನ್ನು ಹೇಗೆ ಕಲಿಸಿದಿರಿ ಎಂದು ಕೇಳಿದರು. ಬಹುಮಾನ ಕೊಟ್ಟು ಕಲಿಸಿದವರ ನಾಯಿಗಳು ಹೆಚ್ಚು ಮಾತು ಕೇಳುತ್ತಿದ್ದವು. ಶಿಕ್ಷೆ ಬಳಸಿದವರ ಮನೆಗಳಲ್ಲಿ ನಾಯಿಯ ಇತರ ತೊಂದರೆಗಳು ಹೆಚ್ಚಿದ್ದವು.

ನನಗನ್ನಿಸುವುದು, ಈ ಏಟಿನ ಬೇರು ನಾಯಿಯ ಕಲಿಕೆಯಲ್ಲಿಲ್ಲ, ನಮ್ಮ ಮಡಿ ಮೈಲಿಗೆಯಲ್ಲಿದೆ. ಮಗು ಚಾಪೆ ಒದ್ದೆ ಮಾಡಿದರೆ ಬಟ್ಟೆ ಬದಲಿಸುತ್ತೇವೆ, ಮುಗಿಯಿತು. ಮರಿ ಅದನ್ನೇ ಮಾಡಿದರೆ, ಅದೂ ದೇವರ ಕೋಣೆಯ ಹೊಸ್ತಿಲಿನಲ್ಲಿ ಮಾಡಿದರೆ, ಮನೆಯೇ ಕೆಟ್ಟಿತು ಎನ್ನುವ ಸಿಟ್ಟು ಬರುತ್ತದೆ. ಮೂತಿಯನ್ನು ಉಚ್ಚೆಗೆ ಉಜ್ಜುವಾಗ ನಮ್ಮ ಹೇಸಿಗೆಯನ್ನು ಅದಕ್ಕೂ ಉಣಿಸಲು ನೋಡುತ್ತೇವೆ. ಆದರೆ ನಾಯಿಗೆ ಉಚ್ಚೆ ಹೇಸಿಗೆಯಲ್ಲ, ಸುದ್ದಿ. ಯಾರು ಬಂದಿದ್ದರು, ಯಾವಾಗ ಬಂದಿದ್ದರು ಎಂದು ಅದು ಅಲ್ಲಿಂದಲೇ ಓದುತ್ತದೆ. ನಾವು ಕೊಡುತ್ತಿರುವ ಅವಮಾನ ಅದಕ್ಕೆ ಅವಮಾನವೆಂದು ತಿಳಿಯುವುದೇ ಇಲ್ಲ, ಭಯ ಮಾತ್ರ ತಿಳಿಯುತ್ತದೆ. ದೇವರ ಕೋಣೆಯ ಬಾಗಿಲು ಹಾಕಿಡಿ, ಅಡುಗೆಮನೆಗೆ ಅಡ್ಡ ಹಲಗೆ ಇಡಿ. ಮಡಿಯೂ ಉಳಿಯುತ್ತದೆ, ಮರಿಯೂ ಉಳಿಯುತ್ತದೆ.

ಮರಿ ತರಬೇಕೆಂದು ಯೋಚಿಸುತ್ತಿರುವವರಿಗೆ ನನ್ನ ಕೋರಿಕೆ ಇಷ್ಟೇ. ಐವತ್ತಾರು ದಿನ ತುಂಬದ ಮರಿಯನ್ನು ಯಾರು ಕೊಟ್ಟರೂ ತರಬೇಡಿ. ತಂದ ಮೇಲೆ ಮೊದಲ ಹದಿನೈದು ದಿನ ಮನೆಯಲ್ಲಿ ಒಬ್ಬರಾದರೂ ರಜೆ ಹಾಕಿ, ಗಡಿಯಾರ ನೋಡಿಕೊಂಡು ಅದರ ಜೊತೆಗಿರಿ. ರಜೆ ಸಿಗದಿದ್ದರೆ, ರಜೆ ಸಿಗುವ ತಿಂಗಳವರೆಗೆ ಮರಿ ತರುವುದನ್ನು ಮುಂದೂಡಿ.